ಮುಳ್ಳಿನ ಚಿಕಿತ್ಸೆ

ಮಾವನವರನ್ನು ಸ್ಟೇಷನ್ನಿಗೆ ಬಿಡಲು ಹೊರಟಿದ್ದೆ; ರೈಲಿಗೆ ಒಂದು ಗಂಟೆ ಉಳಿದಿದ್ದಾಗ ನನ್ನ ಹದಿನೈದು ವರ್ಷದ ಕಾರು ದಿಲ್ಲಿಯ ಓಖ್ಲಾದಲ್ಲಿ ಹಬೆ ಕಾರತೊಡಗಿತು. ಬೇವಿನ ಮರದಡಿಯ ಮೆಕ್ಯಾನಿಕ್ ಬಾನೆಟ್ ಎತ್ತಿದವನೇ ಇಂಜಿನ್ನಿನ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಕಿತ್ತು ನನ್ನ ಕೈಗಿಟ್ಟ.

"ದಿಲ್ಲಿಯ ಗಾಡಿಗೆ ಇದ್ಯಾಕೆ ಸಾಬ್? ನಾನು ಎಲ್ಲರದ್ದೂ ತೆಗೆದುಬಿಡ್ತೀನಿ."

"ರೇಡಿಯೇಟರ್ ಕಟ್ಟಿಕೊಂಡಿದೆಯೇನೋ ನೋಡು ಭಯ್ಯಾ," ಎಂದೆ. ನೋಡಲಿಲ್ಲ. ನೀರು ತುಂಬಿಸಿ ಇಂಜಿನ್ ಚಾಲೂ ಮಾಡಿದ. ಐದೇ ನಿಮಿಷದಲ್ಲಿ ಉಷ್ಣತೆ ತೋರಿಸುವ ಮೀಟರಿನ ಮುಳ್ಳು ಮತ್ತೆ ಕೆಂಪಿಗೇರಿತು. ಅವನು ಬಗ್ಗಿ ಒಂದು ವೈರ್ ಎಳೆದ. ಮುಳ್ಳು ಸೊನ್ನೆಗೆ ಬಿತ್ತು.

"ಅದು ಮೀಟರಿನ ವೈರ್ ಅಲ್ವಾ?"

"ಮೀಟರ್ ನೋಡಿದ್ರೆ ನಿಮಗೆ ಟೆನ್ಶನ್. ಟೆನ್ಶನ್‌ನಲ್ಲಿ ಗಾಡಿ ಓಡಿಸಬಾರದು."

ಕೇಂದ್ರ ಸರ್ಕಾರದ ಕಚೇರಿಯಲ್ಲಿ ಮೂವತ್ತು ವರ್ಷ ಕಡತ ನೋಡಿ ನಿವೃತ್ತರಾದ ಮಾವನವರಿಗೆ ಇದು ಪೂರ್ತಿ ಒಪ್ಪಿಗೆಯಾಯಿತು. "ಸೊನ್ನೆ ತೋರಿಸ್ತಿದೆಯಲ್ಲ, ನಡೀರಿ," ಎಂದರು.

ನಾನು ಕಾರನ್ನು ಅಲ್ಲೇ ಬಿಟ್ಟು, ಅವರನ್ನೂ ಅವರ ಮೂರು ಸೂಟ್‌ಕೇಸುಗಳನ್ನೂ ಆಟೋದೊಳಗೆ ತುರುಕಿದೆ. ರೈಲು ಅಲುಗುವ ಹೊತ್ತಿಗೆ ಹೇಗೋ ಹತ್ತಿಸಿದೆ. ಅವರು ಕಿಟಕಿಯಿಂದ ಕೂಗಿದರು: "ರಿಪೇರಿಯಾದ ಕಾರು ಬಿಟ್ಟು ಆಟೋದಲ್ಲಿ ಕರ್ಕೊಂಡು ಬಂದ್ರಲ್ರೀ!"

ನಾನು ಮನೆ ಮುಟ್ಟುವಷ್ಟರಲ್ಲಿ ಅವರ ಮಗಳಿಗೂ, ಅಂದರೆ ನನ್ನ ಹೆಂಡತಿಗೂ, ಫೋನಿನಲ್ಲಿ ಅದೇ ವರದಿ ಹೋಗಿತ್ತು.