ನಾನು ಹಾಕಿದ ಪಥ್ಯ

ವಾಶ್‌ಬೇಸಿನ್ನಿನಲ್ಲಿ ಉಳಿದಿದ್ದ ನೊರೆ ಗುಲಾಬಿ ಬಣ್ಣಕ್ಕಿತ್ತು. ನನ್ನ ಗಂಡ ಶ್ರೀಧರ ಆಗಷ್ಟೇ ಹಲ್ಲುಜ್ಜಿ ಹೋಗಿದ್ದರು. ನಾನು ನೀರು ಬಿಟ್ಟು ತೊಳೆದೆ.

"ಅಷ್ಟು ಒತ್ತಿ ಉಜ್ಜಿದ್ರೆ ರಕ್ತ ಬರದೆ ಇನ್ನೇನಾಗುತ್ತೆ?" ಎಂದು ರೇಗಿದೆ. ಸಾಫ್ಟ್ ಬ್ರಶ್ ತಂದುಕೊಟ್ಟೆ.

ಅದಕ್ಕೂ ಕೆಲವು ತಿಂಗಳ ಮೊದಲು ಅವರಿಗೆ ಹೊಟ್ಟೆಯಲ್ಲಿ ಅಲ್ಸರ್ ಆಗಿತ್ತು. ಡಾಕ್ಟರ್ ಮಾತ್ರೆ ಬರೆದು, ಖಾರ ಕಡಿಮೆ ಮಾಡಿ ಎಂದಷ್ಟೇ ಹೇಳಿದ್ದರು. ಉಳಿದದ್ದೆಲ್ಲ ನಾನು ಸೇರಿಸಿದ್ದು. ಮೈಸೂರಿನ ನಮ್ಮ ತವರಿನಲ್ಲಿ ಯಾರಿಗೆ ಏನೇ ಆಗಲಿ, ಮೊದಲು ಪಥ್ಯ, ಆಮೇಲೆ ಔಷಧಿ. ಊಟ ಬಲ್ಲವನಿಗೆ ರೋಗವಿಲ್ಲ ಎನ್ನುವುದನ್ನು ಪರ್ತ್‌ವರೆಗೂ ಗಂಟು ಕಟ್ಟಿಕೊಂಡು ಬಂದವಳು ನಾನು. ಹುಳಿ ಬಂದ್. ಹಣ್ಣು ಬಂದ್. ತರಕಾರಿ ವಾಯು, ಅದೂ ಬಂದ್. ಗಂಜಿ, ಹೆಸರುಬೇಳೆ ಕಟ್ಟು, ಹಾಲು, ರಸ್ಕ್. ಹೊಟ್ಟೆಯುರಿ ನಿಂತಿತು. ನಿಂತ ಮೇಲೂ ಪಥ್ಯ ಬಿಡಿಸಲಿಲ್ಲ. ನನ್ನ ಕೈಗುಣವೆಂದು ಬೀಗುತ್ತಿದ್ದೆ. ಪರ್ತ್‌ನ ಸದರ್ನ್ ರಿವರ್ ಬಡಾವಣೆಯ ನಮ್ಮ ಮನೆಯ ಹಿತ್ತಲಲ್ಲಿ ನಿಂಬೆಗಿಡ ಹಣ್ಣು ಸುರಿಸುತ್ತಿತ್ತು. ಬುಟ್ಟಿಗಟ್ಟಲೆ ಪಕ್ಕದ ಮನೆಯವರಿಗೆ ಕೊಟ್ಟೆ.

ಒಸಡು ಊದಿ ನೇರಳೆ ಬಣ್ಣಕ್ಕೆ ತಿರುಗಿತು. ಮೆಟ್ಟಿಲು ಹತ್ತಿದರೆ ಸುಸ್ತು. ಏಟು ಬೀಳದೆಯೇ ಕಾಲಲ್ಲಿ ಕಪ್ಪು ಕಲೆಗಳು. ನಾನು ಲವಂಗದೆಣ್ಣೆ ಹಚ್ಚಿದೆ, ಗಂಜಿಯನ್ನು ಇನ್ನಷ್ಟು ತೆಳ್ಳಗೆ ಮಾಡಿದೆ.

ಒಂದು ಸಂಜೆ ರಸ್ಕ್ ಕಚ್ಚುವಾಗ ಮುಂದಿನ ಹಲ್ಲು ಅಲ್ಲಾಡಿತು.

ಡೆಂಟಿಸ್ಟ್ ಮೆಲ್ಲಗೆ ಮುಟ್ಟಿದ್ದಷ್ಟೇ, ರಕ್ತ ಒಸರಿತು. ಹಲ್ಲಿನಲ್ಲಿ ಕೊಳೆ ಅಷ್ಟಿಲ್ಲ, ಒಸಡು ಮಾತ್ರ ಹೀಗೇಕೆ ಎಂದು ಆಕೆ ಯೋಚಿಸಿದರು. ಪ್ಯಾಂಟ್ ಮೇಲೆತ್ತಿಸಿ ಕಾಲಿನ ಕಲೆಗಳನ್ನೂ ನೋಡಿದರು. ಹಣ್ಣು ತಿಂದು ಎಷ್ಟು ಕಾಲವಾಯಿತು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಶ್ರೀಧರ ನನ್ನ ಮುಖ ನೋಡಿದರು. ಅಲ್ಲಿಂದ ಜಿಪಿ, ಅಂದರೆ ನಮ್ಮ ಫ್ಯಾಮಿಲಿ ಡಾಕ್ಟರ್ ಹತ್ತಿರ ಬ್ಲಡ್ ಟೆಸ್ಟ್. ವಿಟಮಿನ್ ಸಿ ಇಲ್ಲವೆನ್ನುವಷ್ಟು ಕಡಿಮೆ.

ಸ್ಕರ್ವಿ.

ಹಿಂದಿನ ಕಾಲದಲ್ಲಿ ತಿಂಗಳುಗಟ್ಟಲೆ ಹಣ್ಣು-ತರಕಾರಿ ಸಿಗದ ಹಡಗಿನವರಿಗೆ ಬರುತ್ತಿತ್ತೆಂದು ಸ್ಕೂಲಿನಲ್ಲಿ ಓದಿದ್ದೆ. ಮೂರು ಹೊತ್ತೂ ಒಲೆಯ ಮುಂದೆ ನಿಂತು, ಅಕ್ಕರೆಯಿಂದ, ನಾನೇ ಅದನ್ನು ಮನೆಗೆ ಕರೆತಂದಿದ್ದೆ.

ವಿಟಮಿನ್ ಮಾತ್ರೆ ಶುರುವಾದ ಕೆಲವೇ ದಿನಗಳಲ್ಲಿ ರಕ್ತ ನಿಂತಿತು. ಕಿತ್ತಳೆ, ಕ್ಯಾಪ್ಸಿಕಂ, ಟೊಮೇಟೊ ಸಾರು ತಟ್ಟೆಗೆ ವಾಪಸು ಬಂದವು. ಒಸಡು ಗಟ್ಟಿಯಾಯಿತು. ಆ ಮುಂದಿನ ಹಲ್ಲನ್ನು ಮಾತ್ರ ಉಳಿಸಲಾಗಲಿಲ್ಲ, ಕೀಳಿಸಬೇಕಾಯಿತು. ಇನ್ನೂ ತಡ ಮಾಡಿದ್ದರೆ ಬೇರೆ ಹಲ್ಲುಗಳೂ ಹೋಗುತ್ತಿದ್ದವಂತೆ.

ಕೊನೆಯ ಚೆಕಪ್‌ನಲ್ಲಿ ಡೆಂಟಿಸ್ಟ್ ಕೇಳಿದರು: ಇಂಥ ಡಯಟ್ ಹೇಳಿಕೊಟ್ಟವರು ಯಾರು? ನಾನು ಬಾಯಿ ತೆರೆಯುವ ಮೊದಲೇ ಶ್ರೀಧರ, "ಮೈ ಓನ್ ಐಡಿಯಾ," ಎಂದು ನಕ್ಕುಬಿಟ್ಟರು. ಬಾಯಲ್ಲಿ ಆ ಖಾಲಿ ಜಾಗ ಕಂಡಿತು.

ಕಾರಿನಲ್ಲಿ ಕೂತ ಮೇಲೆ ಕೇಳಿದೆ. "ಯಾಕ್ರೀ ಸುಳ್ಳು ಹೇಳಿದ್ರಿ?"

"ಬೇಡ ಅನ್ನೋಕೆ ನಂಗೂ ಬಾಯಿತ್ತಲ್ವಾ? ನೀನು ಅಷ್ಟು ಆಸೆಯಿಂದ ಬಡಿಸ್ತಿದ್ದೆ. ಬೇಡ ಅನ್ನೋಕೆ ಆಗ್ಲಿಲ್ಲ ಕಣೇ."

ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.