ಚೌಕಳಿ ಅಂಗಿಯ ಜೇಬು

ನಮ್ಮ ಮನೆಯಲ್ಲಿ ಚೌಕಳಿ ಎಂದರೆ ಮನೆಯೊಳಗಿನ ಬಟ್ಟೆ. ಅಪ್ಪನ ಲುಂಗಿ ಚೌಕಳಿ, ಹೆಗಲ ಮೇಲಿನ ಟವೆಲ್ಲು ಚೌಕಳಿ, ರೇಷ್ಮೆಹುಳಕ್ಕೆ ಸೊಪ್ಪು ಹಾಕುವಾಗ ಅವ್ವ ಉಡುತ್ತಿದ್ದ ಹಳೆಯ ಸೀರೆ ಚೌಕಳಿ. ಆ ಸೀರೆ ಹರಿದ ಮೇಲೆ ಒಲೆಯಿಂದ ಪಾತ್ರೆ ಇಳಿಸುವ ಮಸಿಬಟ್ಟೆಯೂ ಚೌಕಳಿಯೇ. ಹೊರಗೆ ಹೊರಟರೆ ಮಾತ್ರ ಅಪ್ಪನಿಗೆ ಬಿಳಿ ಪಂಚೆ, ನೀಲಿ ಅದ್ದಿ ಒಣಗಿಸಿದ ಬಿಳಿ ಅಂಗಿ ಆಗಬೇಕು. ಚನ್ನಪಟ್ಟಣ ತಾಲ್ಲೂಕಿನ ನಮ್ಮೂರಿನಿಂದ ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಹೋಗುವಾಗಲಂತೂ ಮದುವೆಗೆ ಹೊರಟವರಂತೆ ಹೋಗುತ್ತಿದ್ದರು. ಅಪ್ಪನ ಪ್ರಕಾರ ಮಾರ್ಕೆಟ್ಟಿನಲ್ಲಿ ಬಿಳಿ ಹಾಕಿದವನು ಗೂಡು ತಂದ ರೈತ, ಚೌಕಳಿ ಲುಂಗಿ ಉಟ್ಟವನು ಗೂಡು ಕೊಂಡು ನೂಲು ತೆಗೆಯುವ ರೀಲರು. ಚೌಕಳಿ ಲುಂಗಿಯ ರೈತರನ್ನೂ ನಾನು ಕಣ್ಣಾರೆ ಕಂಡಿದ್ದೆ. ಹಾಗೆಂದು ಹೇಳಿದರೆ, "ಅವ್ನು ಮಲ್ಗಿದ್ದೋನು ಹಂಗೇ ಎದ್ ಬಂದವ್ನೆ ಬುಡು" ಎನ್ನುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಮೈಸೂರು ರಸ್ತೆಯ ಇಕ್ಕೆಲದಲ್ಲೂ ರಾಗಿ ಹೊಲಗಳ ನಡುವೆ ತಗಡಿನ ಸೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳು ಏಳುತ್ತಿದ್ದವು. ಬೆಳಿಗ್ಗೆ ಊರಿನ ಕ್ರಾಸಿಗೆ ವ್ಯಾನು ಬಂದು ಹಾರ್ನ್ ಹೊಡೆದರೆ ಟಿಫನ್ ಡಬ್ಬಿ ಹಿಡಿದ ಹುಡುಗಿಯರು ಓಡುತ್ತಿದ್ದರು. ಪಿಯುಸಿಯಲ್ಲಿ ಇಂಗ್ಲಿಷ್ ಫೇಲಾಗಿ ಓದಿಗೆ ನಮಸ್ಕಾರ ಹಾಕಿ ಮನೆಯಲ್ಲಿ ಕೂತಿದ್ದ ನಾನೂ ಒಂದು ದಿನ ಓಡಿದೆ.

ಅಪ್ಪ ಬೇಡವೆನ್ನಲಿಲ್ಲ. ಆದರೆ ಒಂದು ವಾರ ಬಿಟ್ಟು ಊಟಕ್ಕೆ ಕೂತಾಗ ಹೇಳಿದರು. "ನಿನ್ ಮಗ್ಳು ಅಲ್ಲೇನ್ ಕಲೀತಾಳೆ ಅಂತ ಊರೋರೆಲ್ಲ ಕೇಳ್ತಾರೆ ಕಣವ್ವ. ನಾನೇನ್ ತೋರ್ಸ್ಲಿ? ಯುಗಾದಿಗಂಟ ಟೈಮ್ ಕೊಡ್ತೀನಿ. ನಂಗೊಂದು ಅಂಗಿ ಹೊಲ್ಕಂಡು ಬಾ. ತಂದ್ರೆ ಹೋಗು, ಯಾರೇನಂದ್ರೂ ನಾನು ನೋಡ್ಕತೀನಿ. ಇಲ್ದಿದ್ರೆ ಹುಳದ ಮನೆ ಐತೆ."

ಹುಳ ಸಾಕುವ ಮನೆಯ ಹೆಣ್ಣುಮಕ್ಕಳಿಗೆ ಗೊತ್ತು, ಹುಳಕ್ಕೆ ಭಾನುವಾರವಿಲ್ಲ. ಸೊಪ್ಪು ಕೊಯ್ಯುವುದು, ಹಾಕುವುದು, ಹಿಕ್ಕೆ ಬಳಿಯುವುದು, ಮತ್ತೆ ಸೊಪ್ಪು ಕೊಯ್ಯುವುದು. ಗೂಡು ಮಾರಿದ ಚೀಟಿಯಲ್ಲಿ ಮಾತ್ರ ಅಪ್ಪನ ಹೆಸರು. ಕಾರ್ಖಾನೆಯಲ್ಲಿ ನನ್ನ ಫೋಟೋ ಅಂಟಿಸಿದ ಕಾರ್ಡನ್ನು ಕೊರಳಿಗೆ ಹಾಕಿದ್ದರು. ಅದನ್ನು ವ್ಯಾನಿನಲ್ಲಿ ಹತ್ತು ಸಲ ನೋಡಿಕೊಳ್ಳುತ್ತಿದ್ದೆ. ಆ ಕಾರ್ಡು ನನಗೆ ಬೇಕಿತ್ತು, ಅದನ್ನು ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಆದರೆ ಅಪ್ಪನಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ದಿನಕ್ಕೆ ರಾಶಿ ರಾಶಿ ಅಂಗಿ ಹೊರಗೆ ಕಳಿಸುವ ಆ ಕಾರ್ಖಾನೆಯಲ್ಲಿ ಒಂದು ಇಡೀ ಅಂಗಿ ಹೊಲಿಯಲು ಬರುವವರು ಬೆರಳೆಣಿಕೆಯಷ್ಟೂ ಇರಲಿಲ್ಲ. ಕಾಲರಿನವಳಿಗೆ ಕಾಲರು, ತೋಳಿನವಳಿಗೆ ತೋಳು, ಕಾಜದವಳಿಗೆ ಕಾಜ. ಮೂರು ವರ್ಷದಿಂದ ಕಫ್ ಹೊಲಿಯುತ್ತಿದ್ದವಳೊಬ್ಬಳಿಗೆ ಕಾಲರಿನ ಒಳಗು ಯಾವುದು, ಹೊರಗು ಯಾವುದು ಎಂದು ತಿಳಿಯುತ್ತಿರಲಿಲ್ಲ. ಮೊದಲು ದಾರ ಕತ್ತರಿಸುವ ಕೆಲಸಕ್ಕೆ ಹಾಕಿದ ನನ್ನನ್ನು ಆಮೇಲೆ ಜೇಬು ಹೊಲಿಯುವ ಮೆಷಿನ್ನಿನ ಮುಂದೆ ಕೂರಿಸಿದರು. ಜೇಬು, ಬರೀ ಜೇಬು. ಬೆಳಿಗ್ಗೆಯಿಂದ ಸಂಜೆಯವರೆಗೆ ಎಡಗಡೆಯ ಎದೆ ಬಿಟ್ಟು ಅಂಗಿಯ ಇನ್ನೇನನ್ನೂ ನಾನು ನೋಡುತ್ತಿರಲಿಲ್ಲ.

ಒಂದೇ ಬಣ್ಣದ ಬಟ್ಟೆ ಬರುವವರೆಗೆ ನಾನೇ ಜಾಣೆ. ಆಮೇಲೆ ಚೌಕಳಿ ಬಂತು, ಕಾರ್ಖಾನೆಯ ಮಾತಿನಲ್ಲಿ ಚೆಕ್ಸು. ನಮ್ಮ ಮೆಷಿನ್ ಲೈನಿನವರೆಲ್ಲ "ಅಯ್ಯೋ ಚೆಕ್ಸಾ!" ಎಂದು ಹಣೆ ಚಚ್ಚಿಕೊಂಡರು. ನನಗೆ ಯಾಕೆಂದು ತಿಳಿಯಲಿಲ್ಲ. ಮೊದಲ ಜೇಬನ್ನು ಗುರುತಿನ ಮೇಲಿಟ್ಟೆ. ಅಂಗಿಯ ಗೆರೆಗೆ ಜೇಬಿನ ಗೆರೆ ಸೇರಿಕೊಂಡು ಜೇಬೇ ಮಾಯವಾಯಿತು. ಇದೇನೋ ಎಡವಟ್ಟಾಯಿತೆಂದುಕೊಂಡೆ. ನಮ್ಮೂರ ದರ್ಜಿ ಜೇಬು ಇಟ್ಟರೆ ಊರಾಚೆಯಿಂದಲೇ ಕಾಣಬೇಕು, ಸುತ್ತ ಎರಡು ಸಾಲು ಹೊಲಿಗೆ ಬೇರೆ. ಹಾಗಾಗಿ ಎಲ್ಲ ಜೇಬುಗಳನ್ನೂ ಅರ್ಧ ಚೌಕ ಪಕ್ಕಕ್ಕೆ ಸರಿಸಿ ಚೆನ್ನಾಗಿ ಕಾಣುವಂತೆ ಹೊಲಿದೆ. ಒಂದು ಬಂಡಲ್ ಮುಗಿಸಿ ಶಭಾಷ್‌ಗಿರಿಗೆ ಕಾದೆ.

ಸೂಪರ್‌ವೈಸರ್ ಬಂಡಲನ್ನು ನನ್ನ ಮೆಷಿನ್ನಿನ ಮೇಲೆ ಕುಕ್ಕಿದರು. "ಏನಮ್ಮಾ ಇದು? ಕಣ್ಣು ಕಾಣುತ್ತಾ ಇಲ್ವಾ?"

"ಹಂಗೇ ಇಟ್ರೆ ಜೋಬು ಕಾಣ್ಸಕ್ಕಿಲ್ಲ ಸಾರ್. ಅದ್ಕೇ ಒಸಿ ಸರಿಸ್ದೆ" ಎಂದೆ.

ಇಡೀ ಲೈನು ನಕ್ಕಿತು. ನನಗೆ ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು. ಅಷ್ಟೂ ಜೇಬು ಬಿಚ್ಚಬೇಕಾಗಿತ್ತು. ಪಕ್ಕದ ಮೆಷಿನ್ನಿನಲ್ಲಿದ್ದ ರಾಮನಗರದ ಹೆಂಗಸೊಬ್ಬರು ಅರ್ಧ ಬಂಡಲನ್ನು ತಮ್ಮ ಮಡಿಲಿಗೆಳೆದುಕೊಂಡು ಬಿಚ್ಚಲು ಶುರುಮಾಡಿದರು. ನಾವೆಲ್ಲ ಅವರನ್ನು ಅವರ ಮಾತಿನಲ್ಲೇ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆವು. ಅವರ ಯಜಮಾನರು ನೂಲು ತೆಗೆಯುವ ಘಟಕದಲ್ಲಿದ್ದರು.

"ಕಾಣಬಾರ್ದು ಅಂತಾನೇ ಬೇಟಿ ಈ ಕೆಲ್ಸ ಇರೋದು" ಎಂದರು ಆಪಾ. "ಜೇಬು ನೋಡ್ಬೇಡ, ಅಂಗಿ ನೋಡು. ಗುಂಡಿಪಟ್ಟಿ ಕಡೆ ದಪ್ಪ ಗೆರೆ ಇದೆ ನೋಡು, ಅದು ಮೊದ್ಲು ಹಿಡ್ಕೋ. ಸಣ್ಣದೆಲ್ಲಾ ಹಿಂದೆ ಅದೇ ಬರ್ತದೆ."

ಹೇಳಿದಷ್ಟು ಸುಲಭವಾಗಿರಲಿಲ್ಲ. ಎಡಗೈ ಬೆರಳು ಒಂದು ಕೂದಲೆಳೆಯಷ್ಟು ಜಾರಿದರೂ ಹಳದಿ ಗೆರೆ ಹೋಗಿ ನೀಲಿಯ ಪಕ್ಕ ಕೂರುತ್ತಿತ್ತು. ಚೌಕಳಿಯಲ್ಲಿ ಮೋಸ ನಡೆಯುವುದಿಲ್ಲ. ಎರಡು ತಿಂಗಳು ಬೈಸಿಕೊಂಡೆ, ಬಿಚ್ಚಿದೆ, ಹೊಲಿದೆ. ಒಂದು ದಿನ ಚೆಕ್ಕಿಂಗ್ ಟೇಬಲ್ಲಿನವಳು ನನ್ನ ಬಂಡಲ್ ಎತ್ತಿ "ಇದರಲ್ಲಿ ಜೇಬು ಕೂರಿಸೇ ಇಲ್ವಲ್ಲ" ಎಂದು ವಾಪಸು ಕಳಿಸಿದಳು. ಆಪಾ ಮೆಷಿನ್ ನಿಲ್ಲಿಸಿ ಚಪ್ಪಾಳೆ ತಟ್ಟಿದರು. ಅವತ್ತು ವ್ಯಾನಿನಲ್ಲಿ ನನಗೆ ಸೀಟು ಬೇಕೆನಿಸಲಿಲ್ಲ.

ಆ ಚೌಕಳಿ ಎಲ್ಲಿಯದೆಂದು ಹೇಳಿದವಳು ಆಫೀಸಿನ ಹುಡುಗಿ, ಬೆಂಗಳೂರಿನವಳು. ಊಟದ ಹೊತ್ತಿನಲ್ಲಿ ನಮ್ಮ ಜೊತೆ ಕೂರುತ್ತಿದ್ದಳು. ಸ್ಕಾಟ್ಲೆಂಡ್ ಎಂಬ ಗುಡ್ಡಗಾಡಿನಲ್ಲಿ ಇಂಥ ಉಣ್ಣೆಯ ಬಟ್ಟೆ ನೇಯುತ್ತಿದ್ದರಂತೆ, ಒಂದೊಂದು ಮನೆತನಕ್ಕೂ ಒಂದೊಂದು ಚೌಕಳಿಯಂತೆ, ಗೆರೆ ನೋಡಿಯೇ ಇವನು ಇಂಥವರ ಕಡೆಯವನು ಎನ್ನುತ್ತಿದ್ದರಂತೆ.

"ಹಂಗಾರೆ ನಾವೀಗ ಹೊಲೀತಿರೋದು ಯಾವ ಒಕ್ಕಲು?" ಎಂದು ಕನಕಪುರದ ಕೋಡಿಹಳ್ಳಿ ಕಡೆಯ ತೋಳಿನ ಅಕ್ಕ ಕೇಳಿದಳು. "ನಮ್ಗೂ ಅವ್ರಿಗೂ ಹೆಣ್ಣು ತರೋದು ಕೊಡೋದು ಆಯ್ತದಾ ಕೇಳಮ್ಮಿ." ನಾವು ಅನ್ನ ನೆತ್ತಿಗೇರುವಷ್ಟು ನಕ್ಕೆವು.

ಆಮೇಲಾಮೇಲೆ ನಾನು ಅಲ್ಲಿ ಇಲ್ಲಿ ಓದಿದೆ. ಆ ಗುಡ್ಡದವರ ದಂಗೆ ಅಡಗಿಸಿದ ಇಂಗ್ಲೆಂಡಿನ ದೊರೆ ಅಲ್ಲಿನ ಗಂಡಸರು ಆ ಬಟ್ಟೆ ತೊಡಬಾರದೆಂದು ಕಾನೂನು ಮಾಡಿದ್ದನಂತೆ. ಎರಡು ತಲೆಮಾರು ಕಳೆದ ಮೇಲೆ ಅದೇ ಮನೆತನದ ಇನ್ನೊಬ್ಬ ದೊರೆ ತಾನೇ ಅದನ್ನು ಉಟ್ಟು ಮೆರೆದನಂತೆ. ಮನೆಗೊಂದು ಚೌಕಳಿ ಎಂಬ ಲೆಕ್ಕವನ್ನು ಬಹುಮಟ್ಟಿಗೆ ನೇಯ್ಗೆಯವರು ಮತ್ತು ಬಟ್ಟೆ ವ್ಯಾಪಾರಿಗಳು ಆ ಹೊತ್ತಿನಲ್ಲೇ ಕೂಡಿಸಿದ್ದಂತೆ. ವ್ಯಾಪಾರಿಗಳು ಎಲ್ಲ ಕಡೆಯೂ ವ್ಯಾಪಾರಿಗಳೇ. ನನಗೆ ಹೆಚ್ಚು ಖುಷಿ ಕೊಟ್ಟದ್ದು ಇನ್ನೊಂದು ವಿಷಯ. ನಮ್ಮ ಲುಂಗಿಯ ಹತ್ತಿ ಚೌಕಳಿ ಮದರಾಸಿನಿಂದ ಹಡಗು ಹತ್ತಿ ಎಂದೋ ದೇಶ ದೇಶ ಸುತ್ತಿ ಬಂದಿತ್ತು, ಮದರಾಸಿನ ಹೆಸರಿನಲ್ಲೇ ಮಾರಾಟವಾಗಿತ್ತು. ನಮ್ಮವ್ವ ಮಸಿಬಟ್ಟೆ ಮಾಡಿಕೊಂಡಿದ್ದನ್ನು ಪರದೇಶದವರು ಅಂಗಿ ಹೊಲಿಸಿ ತೊಟ್ಟಿದ್ದರು.

ಯುಗಾದಿ ಹತ್ತಿರವಾಯಿತು. ಅಂಗಿ ಎಲ್ಲಿಂದ ತರುವುದು? ಅಂಗಡಿಯಿಂದ ಕೊಂಡು ನಾನೇ ಹೊಲಿದೆ ಎನ್ನಬಹುದಿತ್ತು. ಆದರೆ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿಯೇ ಒಳಗಿನ ಹುಳ ಸತ್ತಿದೆಯೋ ಬದುಕಿದೆಯೋ ಹೇಳುವ ಅಪ್ಪನ ಮುಂದೆ ನನ್ನ ಸುಳ್ಳು ನಿಲ್ಲುವಂತಿರಲಿಲ್ಲ. ಆಪಾಗೆ ಹೇಳಿಕೊಂಡೆ. ಅವರು ಒಂದು ಉಪಾಯ ಮಾಡಿದರು. ಭಾನುವಾರ ರಾಮನಗರದಲ್ಲಿ ಅವರ ಮನೆಯ ಹಳೆಯ ಮೆಷಿನ್ನಿನ ಸುತ್ತ ನಾವು ನಾಲ್ವರು ಸೇರಿದೆವು. ಅಪ್ಪನ ಹಳೆಯ ಅಂಗಿಯೊಂದನ್ನು ಅಳತೆಗೆಂದು ಪೆಟ್ಟಿಗೆಯಿಂದ ಕದ್ದು ತಂದಿದ್ದೆ. ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಬಟ್ಟೆ ಆರಿಸಿದ್ದೆ. ಕಡುನೀಲಿಯ ಮೇಲೆ ಕೆಂಪು, ನಡುವೆ ತೆಳ್ಳನೆಯ ಹಳದಿ ಗೆರೆಯ ಚೌಕಳಿ.

ಆಪಾ ಬಟ್ಟೆ ಬಿಡಿಸಿ ನನ್ನ ಮುಖ ನೋಡಿದರು. "ನಿಮ್ಮಪ್ಪ ಬಿಳಿ ಇಲ್ದೆ ಹೊರಗೆ ಹೋಗಲ್ಲ ಅಂತೀಯ. ಮತ್ತೆ ಇದ್ಯಾಕೆ ತಂದೆ?"

"ಬಿಳೀಲಿ ಜೋಬು ಯಾರ್ ಬೇಕಾದ್ರೂ ಹೊಲೀತಾರೆ ಆಪಾ."

"ಜಿದ್ದಿ ಹುಡುಗಿ" ಎಂದು ನಗುತ್ತ ಕತ್ತರಿ ಹಿಡಿದರು. ಕತ್ತರಿಸಿ ಮೈ ಜೋಡಿಸಿದ್ದು ಆಪಾ, ತೋಳು ಕೋಡಿಹಳ್ಳಿ ಕಡೆಯ ಅಕ್ಕನದು, ಕಾಲರು ನಮ್ಮ ಲೈನಿನಲ್ಲೇ ಇದ್ದ ಮಾಗಡಿಯ ಹುಡುಗಿಯದು. ಜೇಬು ನನ್ನದು. ಮೂರು ಭಾನುವಾರ ಹಿಡಿಯಿತು. ಕೊನೆಗೆ ಎತ್ತಿ ಹಿಡಿದಾಗ ನಾಲ್ವರಿಗೂ ಬೆರಗಾಯಿತು. ಅಷ್ಟು ದಿನ ಒಟ್ಟಿಗೆ ಕೆಲಸ ಮಾಡಿದ್ದರೂ ಒಂದು ಅಂಗಿ ಮೊದಲಿನಿಂದ ಕೊನೆಯವರೆಗೆ ಆಗುವುದನ್ನು ನಾವು ನೋಡಿದ್ದು ಅದೇ ಮೊದಲು.

ಹಬ್ಬದ ಬೆಳಿಗ್ಗೆ ಎಣ್ಣೆನೀರು ಆಗಿ ಬೇವುಬೆಲ್ಲ ತಿಂದ ಮೇಲೆ ಅಂಗಿಯನ್ನು ಅಪ್ಪನ ಕೈಗಿಟ್ಟೆ. ಚೌಕಳಿ ಕಂಡು ಅಪ್ಪನ ಹುಬ್ಬು ಮೇಲೆ ಹೋಯಿತು. ಕಾಲರು ತಿರುವಿದರು, ಹೊಲಿಗೆ ಎಳೆದು ನೋಡಿದರು, ಬೆಳಕಿಗೆ ಹಿಡಿದರು.

"ಪೂರಾ ನೀನೇ ಹೊಲ್ದ್ಯಾ?"

ಹೂಂ ಎನ್ನಲು ಬಾಯಿ ತೆರೆದೆ. ಬಾಯಿಂದ ಬಂದದ್ದೇ ಬೇರೆ. "ಇಲ್ಲಪ್ಪ. ಅಲ್ಲಿ ಒಬ್ರು ಪೂರಾ ಅಂಗಿ ಹೊಲಿಯಕ್ಕಿಲ್ಲ. ಮೈ ಒಬ್ರದು, ಕಾಲರ್ ಒಬ್ಳು, ತೋಳು ಒಬ್ಳು. ನಾನು ಜೋಬು."

"ಯಾವ್ ಜೋಬು?" ಅಪ್ಪ ಅಂಗಿಯ ಹಿಂದೆ ಮುಂದೆ ನೋಡಿದರು. "ಇದ್ರಲ್ಲಿ ಜೋಬೆಲ್ಲೈತೆ?"

ಅವ್ವ ಬಗ್ಗಿ ನೋಡಿ, "ಅಯ್ಯೋ ಶಿವನೆ, ನಿನ್ನ ಪಾಲಿಂದೇ ಮರ್ತ್ಬುಟ್ಟು ಬಂದ್ಯೇನೇ" ಎಂದಳು.

ಅಪ್ಪನ ಮುಖ ಸಪ್ಪಗಾಯಿತು. ಗದರಿದ್ದರೆ ಜಗಳವಾಡಬಹುದಿತ್ತು. ಅವರು ನನ್ನ ಮೇಲೆ ಕನಿಕರಪಟ್ಟರು, ಅದನ್ನು ತಡೆಯಲಾಗಲಿಲ್ಲ. ನಾನು ಹೋಗಿ ಅವರ ಬಲಗೈ ಹಿಡಿದು ಬೆರಳುಗಳನ್ನು ಅಂಗಿಯ ಎಡ ಎದೆಯ ಮೇಲೆ ಹಳದಿ ಗೆರೆಯ ಕೆಳಗೆ ನೂಕಿದೆ. ಬೆರಳು ಒಳಗೆ ಹೋದವು. ಅಪ್ಪ ಬೆಚ್ಚಿ ಕೈ ಹಿಂದೆಗೆದರು. ಮತ್ತೆ ಹಾಕಿದರು. ಕಿಟಕಿಯ ಹತ್ತಿರ ಹೋಗಿ ಉಗುರಿನಿಂದ ಒಂದೊಂದೇ ಗೆರೆಯನ್ನು ಅಂಗಿಯಿಂದ ಜೇಬಿಗೆ, ಜೇಬಿನಿಂದ ಅಂಗಿಗೆ ಗೀಚುತ್ತ ನೋಡಿದರು. ಕೆಂಪು, ಹಳದಿ, ನೀಲಿ, ಯಾವುದೂ ತಪ್ಪಿರಲಿಲ್ಲ.

"ಗೂಡ್ ನೋಡೋ ಕಣ್ಣು ಕಣವ್ವ ನಂದು" ಎಂದರು ಕೊನೆಗೆ. "ಈ ಕಣ್ಗೇ ಮಣ್ಣೆರಚ್ಬುಟ್ಟಲ್ಲ ನೀನು!" ನಾನು ಗೊಳೋ ಎಂದು ಅತ್ತೆ, ಹಬ್ಬದ ದಿನ ಅಳಬಾರದೆಂದು ಅವ್ವ ಬೈದರೂ ಅತ್ತೆ.

ಸಂಜೆ ಚಂದ್ರನನ್ನು ನೋಡಲು ಗಂಡಸರೆಲ್ಲ ಹಾಲಿನ ಡೈರಿಯ ಮುಂದೆ ಸೇರಿದ್ದರು. ಅಪ್ಪ ಬಿಳಿ ಪಂಚೆಯ ಮೇಲೆ ಚೌಕಳಿ ಅಂಗಿ ತೊಟ್ಟು ಹೋದರು. ನಾನು ಹಾಲಿನ ಕ್ಯಾನು ಹಿಡಿದು ಹಿಂದೆ ಹೋದೆ.

"ಏನ್ಲಾ, ಕಾಲೇಜ್ ಹುಡ್ಗ ಆಗ್ಬುಟ್ಟೆ!" ಎಂದು ಯಾರೋ ಕೂಗಿದರು. ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆಗ ಮೈಸೂರು ರಸ್ತೆಯ ಬಸ್ಸುಗಳಲ್ಲಿ ಕಾಲೇಜು ಹುಡುಗರ ಮೈಮೇಲೆಲ್ಲ ಚೌಕಳಿಯೇ.

"ನನ್ ಮಗ್ಳು ಫ್ಯಾಕ್ಟ್ರೀಲಿ ಏನ್ ಕಲ್ತ್ಲು ಅಂತಿದ್ರಲ್ಲ" ಎಂದರು ಅಪ್ಪ, ಎದೆ ಮುಂದೆ ಮಾಡಿ. "ಇದ್ರಲ್ಲಿ ಜೋಬೆಲ್ಲೈತೆ ತೋರ್ಸ್ರಲಾ ನೋಡನ."

ಒಬ್ಬೊಬ್ಬರೇ ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದರು. "ಇಲ್ಲ ಕಣ್ಲಾ, ಜೋಬೇ ಇಟ್ಟಿಲ್ಲ" ಎಂದರು. ಅಪ್ಪ ಸಾವಕಾಶವಾಗಿ ಎದೆಯ ಮೇಲೆ ಕೈ ಆಡಿಸಿ ಡೈರಿಯ ಹಾಲಿನ ಚೀಟಿಯನ್ನು ಒಳಗಿನಿಂದ ತೆಗೆದರು. ಅಲ್ಲಿ ಎದ್ದ ಗದ್ದಲದಲ್ಲಿ ಚಂದ್ರ ಮೂಡಿದ್ದನ್ನು ಯಾರೂ ಸರಿಯಾಗಿ ನೋಡಲಿಲ್ಲ.

ಮನೆಗೆ ನಡೆದು ಬರುವಾಗ ಅಪ್ಪ ಕೇಳಿದರು. "ನಾಳೀಕೂ ನಿಮ್ ಫ್ಯಾಕ್ಟ್ರಿ ರಜವಾ?"

ಯುಗಾದಿಯ ಮರುದಿನ ನಮ್ಮ ಕಡೆ ವರ್ಷದ ತೊಡಕು. ಮನೆಮನೆಯಲ್ಲೂ ಬಾಡೂಟ, ಯಾರೂ ಊರು ಬಿಟ್ಟು ಕದಲುವುದಿಲ್ಲ. "ರಜ ಹಬ್ಬಕ್ಕಷ್ಟೇ ಕಣಪ್ಪ. ನಾಳೆ ವ್ಯಾನ್ ಬತ್ತದೆ. ಆದ್ರೆ ತೊಡ್ಕಲ್ವಾ, ಯಾರೂ ಹೋಗಕ್ಕಿಲ್ಲ. ನಾನೂ ಹೋಗಲ್ಲ" ಎಂದೆ.

ಅಪ್ಪ ನಿಂತರು. "ತೊಡ್ಕಿನ್ ದಿನ ಏನ್ ಮಾಡ್ತೀವೋ ವರ್ಷವೆಲ್ಲ ಅದನ್ನೇ ಮಾಡ್ತೀವಂತೆ ಕಣವ್ವ. ನಾಳೆ ತಪ್ಪಿಸ್ಬ್ಯಾಡ, ಹೋಗು. ಬಾಡು ಸಂಜೀಕೆ ಎತ್ತಿಟ್ಟಿರ್ತೀವಿ."