ಪರೀಕ್ಷೆಗೆ ಬರುತ್ತಿದ್ದ ಖಾಲಾ

ಖಾಲಾನ ಎರಡೂ ಗಲ್ಲ ಸದಾ ಕೆಂಪಗಿರುತ್ತಿದ್ದವು. ಬಿಸಿಲಿಗೆ ಬಂದ ಕೆಂಪಲ್ಲ, ಒಂಚೂರು ನೀಲಿ ಬೆರೆತ ಕೆಂಪು. ಸುರಪುರದ ಆಕೆಯ ಓಣಿಯ ಹೆಂಗಸರು, "ನಾಲ್ವತ್ತು ದಾಟಿದ್ರೂ ಏನ್ ಕಳಾ ಅದ ನೋಡ್ರಿ ಮಾರಿ ಮ್ಯಾಲ" ಎಂದು ಹೊಟ್ಟೆಕಿಚ್ಚು ಪಡುತ್ತಿದ್ದರಂತೆ. ನಮ್ಮ ಮೆಡಿಕಲ್ ಕಾಲೇಜಿನಲ್ಲಿ ಮಾತ್ರ ಅದನ್ನು ಕಳೆ ಅಂತ ಯಾರೂ ಅನ್ನಲಿಲ್ಲ. ಅದು ರೋಗದ ಗುರುತು.

ಎಳೆಯ ವಯಸ್ಸಿನಲ್ಲಿ ಆಕೆಗೆ ಜ್ವರ ಬಂದು ಕೀಲುಗಳು ಬಾತಿದ್ದವು. ಮನೆಯವರು ಎಣ್ಣೆ ತಿಕ್ಕಿ ಸುಮ್ಮನಾದರು. ಜ್ವರ ಇಳಿಯಿತು, ಆದರೆ ಎದೆಯೊಳಗಿನ ಒಂದು ಕವಾಟ ಕಿರಿದಾಗಿ ಉಳಿಯಿತು. ಆ ಇಕ್ಕಟ್ಟಿನಲ್ಲಿ ರಕ್ತ ನುಗ್ಗುವಾಗ ಒಂದು ಸಪ್ಪಳ ಏಳುತ್ತದೆ. ಖಾಲಾನ ಎದೆಯಲ್ಲಿ ಆ ಸಪ್ಪಳ ಎಷ್ಟು ಚೊಕ್ಕವಾಗಿತ್ತೆಂದರೆ, ಕೊನೆಯ ವರ್ಷದವರ ಪರೀಕ್ಷೆ ಬಂದಾಗಲೆಲ್ಲ ಕಾಲೇಜಿನಿಂದ ಆಕೆಗೆ ಫೋನ್ ಹೋಗುತ್ತಿತ್ತು. ಡಾಕ್ಟರಿ ಪರೀಕ್ಷೆಯಲ್ಲಿ ರೋಗಿಯನ್ನು ಮುಂದೆ ಮಲಗಿಸುತ್ತಾರೆ. ಮಾತಾಡಿಸಿ, ಮುಟ್ಟಿ, ಎದೆಗೆ ಕಿವಿಗೊಟ್ಟು ರೋಗ ಯಾವುದೆಂದು ನಾವು ಹೇಳಬೇಕು. ಹಾಗೆ ಮಲಗುವವರನ್ನು 'ಕೇಸು' ಅನ್ನುತ್ತೇವೆ. ಚಿಕ್ಕಮ್ಮ ಎಂಬ ಸಲುಗೆಯಲ್ಲಿ ಎಲ್ಲರೂ ಖಾಲಾ ಎನ್ನುತ್ತಿದ್ದ ಆಕೆ ನಮ್ಮ ಖಾಯಂ ಕೇಸು. ಕಾಲೇಜಿನ ಹೆಸರು ಬೇಡ, ಹೆಸರು ಹೇಳಿ ಈಗ ಆಗುವುದೇನಿದೆ?

ಬಸ್ಸಿಳಿದು ಬರುವಾಗ ಆಕೆಯ ಚೀಲದಲ್ಲಿ ಅರ್ಧ ಹೊಲಿದ ಕೌದಿ ಇರುತ್ತಿತ್ತು. ಹಳೆ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಹೊಲಿದು ಕೊಡುವುದೇ ಆಕೆಯ ಕಸುಬು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ಸೂಜಿ ಆಡಿಸುತ್ತ, ಬೆವರುತ್ತ ನಿಂತ ಹುಡುಗರನ್ನು ನೋಡಿ ನಗುತ್ತಿದ್ದಳು.

ನಾನು ಶಹಾಪುರದ ಒಬ್ಬ ಗುಮಾಸ್ತರ ಮಗಳು. ನಮ್ಮ ಮನೆತನದಲ್ಲಿ ಡಾಕ್ಟರಾಗುವವಳು ನಾನೇ ಮೊದಲು. ಪರೀಕ್ಷೆಯ ದಿನ ನನ್ನ ಪಾಲಿಗೆ ಖಾಲಾನೇ ಬಂದಳು. "ಮಲಗಾಕ ಎಷ್ಟು ದಿಂಬು ಬೇಕಾಗ್ತಾವ್ರಿ?" ಎಂದು ಪುಸ್ತಕದಲ್ಲಿದ್ದ ಪ್ರಶ್ನೆ ಕೇಳಿದೆ. ಈ ರೋಗದವರು ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ. ಬೆನ್ನಿಗೆ ದಿಂಬು ಹೆಚ್ಚಾದವೆಂದರೆ ರೋಗವೂ ಹೆಚ್ಚಾಯಿತೆಂದೇ ಅರ್ಥ.

"ದಿಂಬು ನಮ್ಮ ಮನ್ಯಾಗ ಎಲ್ಲಿವು ಬೇಟಾ? ಕೌದಿ ಕೇಳು. ಎರಡು ಕೌದಿ ಮಡಚಿ ಬೆನ್ನಿಗಿ ಇಟ್ಕೊತೀನಿ."

ಸ್ಟೆತಸ್ಕೋಪಿನ ಬಿಲ್ಲೆಯ ಅಗಲ ಬದಿ ಇಟ್ಟೆ. ನನ್ನ ಎದೆ ಬಡಿದುಕೊಳ್ಳುವುದು ಬಿಟ್ಟು ಬೇರೇನೂ ಕೇಳಲಿಲ್ಲ. ಪರೀಕ್ಷಕರು ಪಕ್ಕದ ಮಂಚದ ಹತ್ತಿರ ಇದ್ದರು. ಖಾಲಾ ತಾನಾಗಿಯೇ ಎಡಮಗ್ಗುಲಿಗೆ ಹೊರಳಿ ಪಿಸುಗುಟ್ಟಿದಳು: "ಆ ದೊಡ್ಡ ಕಡಿ ಅಲ್ಲವ್ವಾ, ಸಣ್ಣ ಕಡಿ ಇಡು. ಹಾಂ, ಅಲ್ಲೇ. ನಾ ಉಸುರು ಬಿಟ್ಟು ತಡೀತೀನಿ. ದೂರದಾಗ ಯಾರೋ ಜ್ವಾಳ ಬೀಸಾಕತ್ತಂಗ ಕೇಳ್ತದ ನೋಡು."

ಕೇಳಿತು. ದೇವರಾಣೆ, ಕೇಳಿತು! ಇವತ್ತಿಗೂ ಯಾರದೇ ಎದೆಗೆ ಸ್ಟೆತಸ್ಕೋಪ್ ಇಟ್ಟರೂ ನನ್ನ ಕೈ ಮೊದಲು ಆಕೆ ತೋರಿಸಿದ ಜಾಗಕ್ಕೇ ಹೋಗುತ್ತದೆ.

ಪಾಸಾದೆ ಎಂದು ಓಡಿ ಬಂದು ತಬ್ಬಿಕೊಂಡರೆ ಖಾಲಾ, "ನನಗ ಅಲಿಫ್ ಬೇ ಅನ್ನೋ ಅಕ್ಷರಾನೂ ಬರಂಗಿಲ್ಲ. ಆದ್ರ ಎಷ್ಟು ಮಂದಿ ಡಾಕ್ಟರಿಗಿ ಪಾಠ ಹೇಳೀನಿ, ಅಲ್ಲಾಗೇ ಗೊತ್ತು" ಅಂದಳು. ಅಂದು ಇಬ್ಬರೂ ಒಂದೇ ಬಸ್ಸಿಗೆ ಊರ ಕಡೆ ಹೊರಟೆವು. ಶಹಾಪುರ ಹತ್ತಿರ ಬಂದಾಗ ಮಲಗಿದ ಬುದ್ಧನ ಆಕಾರದ ಗುಡ್ಡ ಕಂಡಿತು. ಖಾಲಾ ಕಿಟಕಿಗೆ ಹಣೆ ಹಚ್ಚಿ, "ಅವನ ನಸೀಬು ನೋಡು, ಸಪಾಟ ಮಲಗ್ಯಾನ. ನಾ ಹಂಗ ಮಲಗಿ ಎಷ್ಟು ವರ್ಷ ಆತೋ" ಎಂದು ನಕ್ಕಳು. ನಗು ಕೆಮ್ಮಾಯಿತು. ನನ್ನ ಸ್ಟಾಪ್ ಬರುವವರೆಗೂ ಆ ಕೆಮ್ಮು ನಿಲ್ಲಲಿಲ್ಲ.

ಈಗ ನಾನು ಕಲಿಸುವ ಅದೇ ಕಾಲೇಜಿಗೆ ಒಂದು ಗೊಂಬೆ ಬಂದಿದೆ. ಗುಂಡಿ ಒತ್ತಿದರೆ ಅದರ ಎದೆಯಿಂದ ಖಾಲಾನ ಸಪ್ಪಳ ಬರುತ್ತದೆ. ಹುಡುಗರು "ಸಿಕ್ತು ಮೇಡಂ!" ಎಂದು ಎರಡು ನಿಮಿಷದಲ್ಲಿ ಕೇಳಿ ಮುಗಿಸಿ, ಮುಂದಿನ ಓದಿನ ಪ್ರವೇಶ ಪರೀಕ್ಷೆಯ ವೀಡಿಯೋ ನೋಡಲು ಓಡುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಬೈಯಬೇಕೆನಿಸುತ್ತದೆ. ಆದರೆ ಗೊಂಬೆಯಿಂದ ಯಾರ ಜೀವವೂ ಹೋಗುವುದಿಲ್ಲವಲ್ಲ. ಜೀವ ಇದ್ದವಳನ್ನು ನಾವು ಹೇಗೆ ನಡೆಸಿಕೊಂಡೆವು ಎಂದು ಹೇಳದೆ ಈ ಹುಡುಗರನ್ನು ಬೈಯಲು ನನಗೆ ಯಾವ ಮುಖ ಇದೆ?

ಖಾಲಾನ ರೋಗಕ್ಕೆ ಮದ್ದಿತ್ತು. ತೊಡೆಯ ರಕ್ತನಾಳದಿಂದ ತೆಳ್ಳನೆಯ ನಳಿಕೆ ತೂರಿಸಿ, ಕವಾಟದಲ್ಲಿ ಪುಟ್ಟ ಬಲೂನು ಊದಿ ಅಗಲ ಮಾಡುತ್ತಾರೆ. ಪರೀಕ್ಷಕರು ಪ್ರತಿ ಸಲವೂ "ಇವರಿಗೆ ಚಿಕಿತ್ಸೆ ಏನು?" ಎಂದು ಕೇಳುತ್ತಿದ್ದರು. ಹುಡುಗರು ಸರಿಯಾಗಿ ಉತ್ತರ ಹೇಳಿ ಅಂಕ ತೆಗೆದುಕೊಳ್ಳುತ್ತಿದ್ದರು. ಖಾಲಾ ಅಲ್ಲೇ ಮಲಗಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಒಮ್ಮೆ ನಮ್ಮ ವಿಭಾಗದ ಮುಖ್ಯಸ್ಥರನ್ನೇ ತಡೆದು ನಿಲ್ಲಿಸಿ, "ಎಲ್ಲಾ ಹುಡುಗ್ರೂ ಬಲೂನು ಬಲೂನು ಅಂತಾರ. ಅದು ನನಗ ಯಾವಾಗ ಹಾಕ್ತೀರಿ ಸಾಹೇಬ್ರ?" ಎಂದು ಕೇಳಿದಳು.

"ಹಾಕಿಸೋಣ ಖಾಲಾ. ಈ ಪರೀಕ್ಷಾ ಒಂದು ಮುಗೀಲಿ."

ಅವರು ಕೆಟ್ಟವರಲ್ಲ. ಆಕೆಗೆ ಔಷಧಿ ತಪ್ಪಿಸಿದವರಲ್ಲ. ಆದರೆ ಬಲೂನು ಊದಿಸಿದರೆ ಆ ಚೊಕ್ಕ ಸಪ್ಪಳ ಉಳಿಯುವುದಿಲ್ಲ, ಒಳ್ಳೆಯ ಕೇಸು ಕೈತಪ್ಪುತ್ತದೆ. ಈ ಮಾತನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಒಂದು ಪರೀಕ್ಷೆ ಮುಗಿಯುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ಎರಡು ಕೌದಿ ಮೂರಾದವು.

ಮುಂದೆ ನಾನೂ ಅದೇ ವಿಭಾಗದಲ್ಲಿ ಮೇಷ್ಟ್ರಾದೆ. ಕೇಸು ಕೂಡಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ಖಾಲಾಗೆ ಫೋನ್ ಮಾಡಿದೆ.

"ಬೇಟಾ, ಈಗ ನಾಕು ಕೌದಿ ಆಗ್ಯಾವ" ಅಂದಳು. ಮಾತಿನ ನಡುವೆ ಏದುತ್ತಿದ್ದಳು.

ನಾಲ್ಕೆಂದರೆ ಏನೆಂದು ನನಗೆ ಗೊತ್ತಿರಲಿಲ್ಲವೇ? ಮುಖ್ಯಸ್ಥರ ಬಳಿ ಹೋಗಿ ಹೇಳಿದೆ. "ಆಕಿ ಬರಲಿಲ್ಲ ಅಂದ್ರ ಹೃದಯದ ಕೇಸು ಎಲ್ಲಿಂದ ತರ್ತಿ?" ಎಂದು ಕೇಳಿದರು. ನಾನು ಪಟ್ಟಿಯಲ್ಲಿ ಆಕೆಯ ಹೆಸರು ಬರೆದೆ. ಬಲೂನು ಹಾಕಿಸುವ ಕಾಗದಪತ್ರ ಮಾತ್ರ ಎಲ್ಲ ಓಡಾಡಿ ತಯಾರು ಮಾಡಿಸಿದೆ. ಪರೀಕ್ಷೆ ಮುಗಿದ ಮರುದಿನಕ್ಕೇ ದೊಡ್ಡ ದವಾಖಾನೆಯಲ್ಲಿ ದಿನ ಗೊತ್ತು ಮಾಡಿದೆ. "ಎರಡೇ ದಿನ ಖಾಲಾ, ಬಂದು ಹೋಗ್ರಿ. ಆಮ್ಯಾಲ ನಾನೇ ಕರ್ಕೊಂಡು ಹೋಗ್ತೀನಿ" ಎಂದೆ.

ಬಂದಳು. ಎರಡು ದಿನದಲ್ಲಿ ಆರು ಹುಡುಗರು. ಪ್ರತಿ ಸಲವೂ ಎಡಕ್ಕೆ ಹೊರಳಿ ಉಸಿರು ಬಿಟ್ಟು ತಡೆದಳು. ಕೊನೆಯ ಹುಡುಗಿಗೆ ಏನು ಮಾಡಿದರೂ ಸಪ್ಪಳ ಸಿಗಲಿಲ್ಲ, ಖಾಲಾ ಮೂರು ಸಲ ಉಸಿರು ತಡೆದುಕೊಟ್ಟಳು. ತುಟಿ ನೀಲಿಯಾದದ್ದನ್ನು ನಾನು ಕಣ್ಣಾರೆ ಕಂಡೆ. ಹುಡುಗಿ ಹೋದ ಮೇಲೆ ಆಕೆ ಕೇಳಿದ್ದು ಒಂದೇ: "ಪಾಸಾದ್ಳಾ?"

ಅಲ್ಲೇ ವಾರ್ಡಿಗೆ ಸೇರಿಸಿಕೊಳ್ಳಬೇಕಿತ್ತು. "ಮನಿಗಿ ಹೋಗಿ ಬಟ್ಟಿಬರಿ ತೊಗೊಂಡು, ಮುಂಜಾನಿ ಮಗಳ ಜೋಡಿ ಬರ್ತೀನಿ" ಅಂದಳು. ನಾನು ಹೂಂ ಅಂದೆ. ಪರೀಕ್ಷಕರನ್ನು ಬೀಳ್ಕೊಡುವ ಗಡಿಬಿಡಿಯಲ್ಲಿದ್ದೆ.

ಬೆಳಗಿನ ನಮಾಜಿನ ಹೊತ್ತಿಗೆ ಹೋಗಿಬಿಟ್ಟಳಂತೆ. ಮಗಳ ಫೋನ್ ಬಂತು. ನಾನು ಸುರಪುರ ತಲುಪಿದಾಗ ಆಕೆಯನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿದ್ದರು. ಗಲ್ಲದ ಕೆಂಪು ಇಳಿದಿತ್ತು. ಬೆನ್ನಿಗೆ ಏನೂ ಇಲ್ಲದೆ, ಬುದ್ಧನ ಗುಡ್ಡದಂತೆ ಸಪಾಟಾಗಿ ಮಲಗಿದ್ದಳು. ಗೋಡೆಯ ಪಕ್ಕ ಆಕೆಯ ಕೌದಿಗಳನ್ನು ಒಟ್ಟಿದ್ದರು. ಡಾಕ್ಟರರ ಚಾಳಿ, ಎಣಿಸಿಬಿಟ್ಟೆ. ಆರಿದ್ದವು.

"ನಾಕು ಅಂದಿದ್ರಲ್ಲ?" ಎಂದು ಮಗಳನ್ನು ಕೇಳಿದೆ.

"ಹೌದ್ರಿ ಮೇಡಂ. ಆರು ಅಂದ್ರ ನೀವು ಪರೀಕ್ಷಾಕ ಬ್ಯಾಡ ಅಂತೀರಂತ. ಹುಡುಗ್ರ ವರ್ಷ ಹಾಳಾಗ್ತದ, ನಿಮಗ ತ್ರಾಸ ಆಗ್ತದ ಅಂತ ನಾಕು ಅಂದಾಳ್ರಿ" ಎಂದು ಅತ್ತಳು.

ನಾನು ಬೇಡ ಅನ್ನುತ್ತೇನೆಂದು ಖಾಲಾ ನಂಬಿದ್ದಳು. ನಾಲ್ಕು ಅಂದಾಗ ನಾನು ಬೇಡ ಅಂದಿರಲಿಲ್ಲ.